ಗಣಿ ನೋಡಲು ಟಿಕೀಟು, ಗಣಿ ತೋಡಿದವನಿಗೆ ಏನು?

ಕಳೆದ ತಿಂಗಳು ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಈ ಪತ್ರಿಕೆಯ ಚಂದಾ ಪಾವತಿ ಬರೆಯುತ್ತಿದ್ದೆ. ಅಂಗಡಿಯ ಸಾವಕಾರರ ಮಗ ಜರ್ಮನಿಯಲ್ಲಿ ನೌಕರಿಗಿದ್ದಾನೆ. ರಜೆಯಲ್ಲಿ ಪೋಲೆಂಡಿಗೆ ಹೋಗಿ ವ್ಯೆಲಿಚ್ಕಾ ಎಂಬಲ್ಲಿಯ ಹಳೆಯ ಉಪ್ಪಿನ ಗಣಿಯನ್ನು ಇಳಿದು ನೋಡಿ, ತಂದೆಗೆ ಫೋಟೋ ಕಳಿಸಿದ್ದಾನೆ. ಸಾವಕಾರರು ಗಿರಾಕಿಗಳಿಗೆಲ್ಲ ತೋರಿಸಿ ಕೊನೆಗೆ ನನಗೂ ತೋರಿಸಿದರು.

“ನೋಡ್ರಿ ಮಾಸ್ತರ್ರ, ನೆಲದ ಹೊಟ್ಟ್ಯಾಗ ಚರ್ಚ್ ಕೆತ್ಯಾರ. ಉಪ್ಪಿಂದ ಝುಂಬರ ಮಾಡಿ ತೂಗ ಹಾಕ್ಯಾರ. ನಮ್ಮ ಕೋಲಾರದಾಗ ಬಂಗಾರದ ಗಣಿ ಐತಿ, ಬಾಗಲಾ ಹಾಕಿ ಇಪ್ಪತ್ತು ವರ್ಷದ ಮ್ಯಾಲಾತು. ನಾಕು ಲೈಟ್ ಹಚ್ಚಿ ಟಿಕೀಟ್ ಇಟ್ರ ಮಂದಿ ಮುಕರಿ ಬೀಳ್ತಾರ. ಹತ್ತು ಅಂಗಡಿ ನಡೀತಾವು. ನಿಮ್ಮ ಪಕ್ಷದವರು ಇದಕ್ಕೂ ಬ್ಯಾಡ ಅಂತೀರೇನು?”

“ಬ್ಯಾಡ ಅನ್ನಂಗಿಲ್ರಿ ಸಾವಕಾರ್ರ” ಎಂದೆ. ಅದಕ್ಕಿಂತ ಹೆಚ್ಚಿನ ಉತ್ತರ ಆ ದಿನ ನನ್ನಲ್ಲಿರಲಿಲ್ಲ. ಆ ಮಾತು ತಲೆಯಲ್ಲಿಯೇ ಕುಳಿತಿತು. ಕಡೆಗೆ ನಾನೇ ಕೋಲಾರದ ಗಣಿಗೆ ಹೋಗಿ ಪ್ರವಾಸಿಯಂತೆ ನೋಡಿ ಬಂದೆ. ಈಗ ಉತ್ತರ ಹೇಳುತ್ತೇನೆ. ಇದು ಆ ಸಾವಕಾರರಿಗೆ ಮಾತ್ರವಲ್ಲ, ಮುಚ್ಚಿದ ಪ್ರತಿಯೊಂದು ಗಣಿಯೂ ಪ್ರತಿಯೊಂದು ಗಿರಣಿಯೂ ನಾಳೆ ಒಂದು ‘ಪ್ರೇಕ್ಷಣೀಯ ಸ್ಥಳ’ವಾಗಲಿ ಎಂದು ಬಯಸುವ ಎಲ್ಲರಿಗೂ ಕೊಡುವ ಉತ್ತರ.

ಮೊದಲು ಪೋಲೆಂಡಿನ ಗಣಿಯ ವಿಷಯವನ್ನು ಇದ್ದುದು ಇದ್ದಂತೆ ಹೇಳೋಣ. ಪರದೇಶದ್ದೆಂದು ಹೊಗಳುವುದೂ ಬೇಡ, ತೆಗಳುವುದೂ ಬೇಡ. ಕ್ರಾಕೋವ್ ಪಟ್ಟಣದ ಮಗ್ಗುಲಲ್ಲಿರುವ ಈ ಗಣಿಯಲ್ಲಿ 13ನೆಯ ಶತಮಾನದಿಂದ ಉಪ್ಪಿನ ಬಂಡೆಯನ್ನು ಕಡಿದು ಮೇಲಕ್ಕೆ ಸಾಗಿಸಿದರು. ಆಳ 327 ಮೀಟರು, ಅಂತಸ್ತುಗಳು ಒಂಬತ್ತು, ಸುರಂಗಗಳೆಲ್ಲ ಸೇರಿ 200 ಕಿಲೋಮೀಟರಿಗೂ ಹೆಚ್ಚು. 1978ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಮೊದಲ ಪಟ್ಟಿಯನ್ನು ಮಾಡಿದಾಗಲೇ ಈ ಗಣಿ ಅದರಲ್ಲಿ ಸೇರಿತು. 1996ರಲ್ಲಿ ವ್ಯಾಪಾರಕ್ಕಾಗಿ ಉಪ್ಪು ಕಡಿಯುವುದು ನಿಂತಿತು. ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿದ ಜನ ಟಿಕೀಟು ಕೊಂಡು ಮೆಟ್ಟಿಲು ಇಳಿಯುತ್ತಾರೆ.

ಸಾವಕಾರರು ತೋರಿಸಿದ ಆ ಚರ್ಚು ನೆಲದಿಂದ 101 ಮೀಟರು ಕೆಳಗಿದೆ. ಅದರ ನೆಲ, ಗೋಡೆ, ಮೂರ್ತಿ ಎಲ್ಲವೂ ಉಪ್ಪಿನವೇ. ಆದರೆ ಅದನ್ನು ಕೆತ್ತಿದವರು ಯಾರು? ರಾಜನು ಕರೆಸಿದ ಶಿಲ್ಪಿಗಳಲ್ಲ. ಗಣಿಯ ಕಾಮಗಾರರೇ 1896ರಲ್ಲಿ ಆರಂಭಿಸಿ ದಶಕಗಳ ಕಾಲ ಕೆತ್ತಿದರು. ಮಾರ್ಕೊವ್‌ಸ್ಕಿ ಎಂಬ ಅಣ್ಣತಮ್ಮಂದಿರು, ವಿರೋದೆಕ್ ಎಂಬ ಇನ್ನೊಬ್ಬರು, ಹೀಗೆ ಕೆತ್ತಿದವರ ಹೆಸರುಗಳು ಉಳಿದಿವೆ. ಹಿಂದಿನ ಕಾಲದಲ್ಲಿ ಗಣಿಯೊಳಗೆ ಸುಡುಗಾಳಿ ತುಂಬಿದಾಗ, ಉದ್ದ ಕೋಲಿನ ತುದಿಗೆ ಪಂಜು ಕಟ್ಟಿಕೊಂಡು, ನೆಲಕ್ಕೆ ಹೊಟ್ಟೆ ಹಚ್ಚಿ ತೆವಳುತ್ತ ಹೋಗಿ ಆ ಗಾಳಿಯನ್ನು ಸುಡುವವರಿದ್ದರು. ಜೀವದ ಹಂಗು ತೊರೆದ ಕೆಲಸ ಅದು. ಆ ಮನುಷ್ಯರ ಬೊಂಬೆಗಳನ್ನೂ ಅಲ್ಲಿ ಮಾಡಿಟ್ಟಿದ್ದಾರೆ. ಗಣಿ ಕುಸಿಯದಂತೆ, ನೀರು ನುಗ್ಗದಂತೆ ಕಾಯಲು ಇಂದಿಗೂ ಅಲ್ಲಿ ಗಣಿಯವರೇ ದುಡಿಯುತ್ತಿದ್ದಾರೆ. ಅಂದರೆ ಟಿಕೀಟಿನ ಹಣದಲ್ಲಿ ಗಣಿಯವನ ಕೂಲಿಯೂ ಇದೆ, ಟಿಕೀಟು ಕೊಂಡವನಿಗೆ ಗಣಿಯವನ ಹೆಸರೂ ಸಿಗುತ್ತದೆ.

ಅಲ್ಲಿ ಎಲ್ಲವೂ ನೆಟ್ಟಗಿದೆಯೆಂದು ನಾನು ಹೇಳುತ್ತಿಲ್ಲ. ಇದೇ ಗಣಿಯೊಳಕ್ಕೆ 1944ರಲ್ಲಿ ನಾಜಿಗಳು ಯಹೂದಿ ಸೆರೆಯಾಳುಗಳನ್ನು ಬಿಟ್ಟಿ ದುಡಿಮೆಗೆ ಇಳಿಸಿದ್ದರು. ಉಪ್ಪಿನ ಹೊಳಪಿನ ಹಿಂದೆಯೂ ಕತ್ತಲಿದೆ. ಆದರೂ ಅಲ್ಲಿ ಒಂದು ಮಾತನ್ನು ಮರೆತಿಲ್ಲ. ಗಣಿ ಎಂದರೆ ಬರಿಯ ಗುಂಡಿಯಲ್ಲ, ಗಣಿ ಎಂದರೆ ಅದನ್ನು ತೋಡಿದ ಜನ.

ಇನ್ನು ನಮ್ಮ ಗಣಿಗೆ ಬರೋಣ.

ನನ್ನ ಜೊತೆಗೆ ಗಿರಣಿಚಾಳದ ಹಿರಿಯರೊಬ್ಬರು ಹೊರಟರು. ಮೂವತ್ತು ವರ್ಷ ನೂಲಿನ ಖಾತೆಯಲ್ಲಿ ದುಡಿದವರು. ಹುಬ್ಬಳ್ಳಿಯಿಂದ ರಾತ್ರಿ ಗಾಡಿಗೆ ಬೆಂಗಳೂರು, ಅಲ್ಲಿಂದ ಬಂಗಾರಪೇಟೆ, ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಗಾಡಿ. ಕೋರಮಂಡಲ, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳು. ನಾವು ಹೋಗುವಾಗ ಎದುರಿನಿಂದ ಬೆಂಗಳೂರಿನ ಕಡೆಗೆ ಹೊರಟ ಗಾಡಿಯಲ್ಲಿ ಜನ ಬಾಗಿಲಿಗೆ ಜೋತುಬಿದ್ದಿದ್ದರು. ಗಣಿಯ ಮಕ್ಕಳು ಅವರು. ಅಜ್ಜ ನೆಲದ ಕೆಳಗೆ ಇಳಿದ, ಮೊಮ್ಮಗ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾನೆ. ದೇಶಕ್ಕೆ ಎಂಟುನೂರು ಟನ್ನಿಗೂ ಹೆಚ್ಚು ಬಂಗಾರ ಕೊಟ್ಟ ಊರಿನಲ್ಲಿ ಒಂದು ದಿನದ ದುಡಿಮೆ ಸಿಗುವುದಿಲ್ಲ.

ಅಲ್ಲಿ ನೆಲದೊಳಗೆ ಇಳಿಯಲು ಬರುವುದಿಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ನೀರೆತ್ತುವ ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿಕೊಂಡಿತು. ಆದುದರಿಂದ ಬಂದವರು ನೋಡುವುದು ಮೇಲಿನದನ್ನು ಮಾತ್ರ. ತುಕ್ಕು ಹಿಡಿದ ರಾಟೆಗೋಪುರಗಳು, ಸಾಹೇಬರ ಬಂಗಲೆಗಳು, ಅವರ ಕ್ಲಬ್ಬು, ಮತ್ತು ಊರ ತುಂಬ ಎದ್ದು ನಿಂತ ಬೂದು ಬಣ್ಣದ ದಿಬ್ಬಗಳು. 2018ರಲ್ಲಿಯೂ 2022ರಲ್ಲಿಯೂ ಈ ಊರಿನ ಹೆಸರಿನ ಸಿನಿಮಾಗಳು ಬಂದ ಮೇಲೆ ಆ ದಿಬ್ಬಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವುದು ಒಂದು ಗೀಳಾಗಿದೆ.

ತಪ್ಪನ್ನು ಮುಚ್ಚಿಡುವುದಿಲ್ಲ, ನಾನೂ ಹತ್ತಿದೆ. ಹುಬ್ಬಳ್ಳಿಯಲ್ಲಿ ತೋರಿಸಬೇಕೆಂದು ನಗುತ್ತ ಫೋಟೋ ತೆಗೆಸಿಕೊಂಡೆ. ಕೆಳಗೆ ಒಬ್ಬ ಮುದುಕರು ಕುಳಿತಿದ್ದರು. ಗಣಿ ಮುಚ್ಚುವ ತನಕ ಅದರಲ್ಲಿ ದುಡಿದವರು. ನಾನು ಇಳಿದು ಬಂದಾಗ ಅವರು ಸಿಟ್ಟಿಲ್ಲದೆ ಹೇಳಿದರು:

“ಅದು ಬೆಟ್ಟ ಅಲ್ಲ ಸಾರ್. ನಮ್ಮ ತಾತ, ನಮ್ಮಪ್ಪ, ಆಮೇಲೆ ನಾನು, ಕೆಳಗಿಂದ ಮೇಲಕ್ಕೆ ತಂದ ಕಲ್ಲು. ಅರೆದು ಚಿನ್ನ ಅವರು ತಗೊಂಡ್ರು, ಪುಡಿ ನಮಗೆ ಬಿಟ್ರು. ಬೇಸಿಗೇಲಿ ಗಾಳಿ ಎದ್ರೆ ಅನ್ನದ ತಟ್ಟೇಲೂ ಅದೇ.”

ಆ ಪುಡಿ ಸಾಮಾನ್ಯ ಮಣ್ಣಲ್ಲ. ಅರೆದ ಕಲ್ಲಿನಿಂದ ಬಂಗಾರವನ್ನು ಕರಗಿಸಿ ತೆಗೆಯಲು ಸೈನೈಡ್ ಎಂಬ ವಿಷವನ್ನು ಬಳಸುತ್ತಾರೆ. ಬಂಗಾರ ಹೋದ ಮೇಲೆ ಉಳಿದ ಗಸಿ ನೂರು ವರ್ಷ ಒಟ್ಟಿ ಒಟ್ಟಿ ದಿಬ್ಬವಾಗಿದೆ. ಊರ ಜನ ಅದನ್ನು ಸೈನೈಡ್ ದಿಬ್ಬ ಎಂದೇ ಕರೆಯುತ್ತಾರೆ. ಫೋಟೋದಲ್ಲಿ ನನ್ನ ಕಾಲ ಕೆಳಗಿದ್ದುದು ಮೂರು ತಲೆಮಾರಿನ ಬೆವರು. ಆ ಫೋಟೋವನ್ನು ನಾನು ಯಾರಿಗೂ ತೋರಿಸಲಿಲ್ಲ.

ಅಷ್ಟರಲ್ಲಿ ನಮ್ಮ ಗಿರಣಿಯ ಹಿರಿಯರಿಗೆ ಕೆಮ್ಮು ಬಂತು. ಆ ಮುದುಕರು ತಟ್ಟನೆ ಕೇಳಿದರು, “ನೀವೂ ಗಣೀನಾ?” ಎಂದು. “ಇಲ್ಲರಿ ಅಣ್ಣಾರ, ನಂದು ಹತ್ತಿ” ಎಂದರು ಇವರು. ಕಲ್ಲಿನ ಧೂಳು, ಹತ್ತಿಯ ಧೂಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಸುಮ್ಮನಾದರು. ನನಗೆ ಅಂದು ಆ ಊರಿನಲ್ಲಿ ಕಂಡ ಪ್ರೇಕ್ಷಣೀಯ ಸಂಗತಿ ಅದೊಂದೇ.

ಈಗ ಕೇಳಿರಿ. ಲೈಟು ಹಚ್ಚಿ ಟಿಕೀಟು ಮಾರಬೇಕೆನ್ನುವವರು ಯಾವ ಕಥೆಯನ್ನು ತೋರಿಸಲಿದ್ದಾರೆ? ಸಾಹೇಬರ ಕಥೆಯನ್ನೋ, ಕೂಲಿಯ ಕಥೆಯನ್ನೋ?

ಸಾಹೇಬರ ಕಥೆ ಎಲ್ಲರಿಗೂ ಬಾಯಿಪಾಠ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು. ಊರಿಗೆ ‘ಚಿಕ್ಕ ಇಂಗ್ಲೆಂಡ್’ ಎಂದು ಹೆಸರು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಗಣಿಗೆ ವಿದ್ಯುತ್ತು ತಂದರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ರಾಜಧಾನಿಗೆ ಸಿಗುವ ಮೊದಲೇ ಗಣಿಗೆ ಏಕೆ ಸಿಕ್ಕಿತು? ಬಂಗಾರ ಬೇಗ ಬೇಗ ಮೇಲೆ ಬರಬೇಕಾಗಿತ್ತು, ಲಂಡನ್ನಿನ ಪಾಲುದಾರರಿಗೆ ಲಾಭ ಬೇಗ ಬೇಗ ಮುಟ್ಟಬೇಕಾಗಿತ್ತು. ಆ ವಿದ್ಯುತ್ತು ಯಂತ್ರ ತಿರುಗಿಸಲು ಬಂತು, ಕೂಲಿಯ ಗುಡಿಸಲಿಗಾಗಿ ಬರಲಿಲ್ಲ.

ಕೂಲಿಯ ಕಥೆ ಬೇರೆ. ತಮಿಳು ಮತ್ತು ತೆಲುಗು ಜಿಲ್ಲೆಗಳಿಂದ, ಬರ ಮತ್ತು ಸಾಲದಿಂದ ಓಡಿಬಂದವರು, ಬಹುಪಾಲು ದಲಿತರು, ಇಲ್ಲಿ ಬಂದು ಸೇರಿದರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಮೂವತ್ತು ಸಾವಿರ ಜನ ದುಡಿಯುತ್ತಿದ್ದರು. ಬಿದಿರು ತಟ್ಟಿಯ ಸಾಲು ಗುಡಿಸಲುಗಳೇ ಮನೆ. ಅವಕ್ಕೆ ‘ಲೈನು’ ಎಂದು ಹೆಸರು. ಪಾಳಿ ಮುಗಿಸಿ ಮೇಲೆ ಬಂದವನ ಮೈಯನ್ನು ತಡಕಿ ನೋಡುತ್ತಿದ್ದರು, ಬಂಗಾರದ ಹರಳು ಕದ್ದಿರಬಹುದೆಂದು. ಬೆಟ್ಟದಷ್ಟು ಬಂಗಾರ ಸಮುದ್ರ ದಾಟಿ ಹೋಯಿತು, ಅದಕ್ಕೆ ಕಳವು ಎಂಬ ಹೆಸರಿರಲಿಲ್ಲ!

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಪೋಲೆಂಡಿನ ಉಪ್ಪಿನ ಗಣಿಯ ಆಳದ ಹತ್ತು ಪಟ್ಟು ಎಂದು ತಿಳಿಯಿರಿ. ಆ ಆಳದಲ್ಲಿ ಬಂಡೆಯೇ ಸುಡುತ್ತದೆ, 60 ಡಿಗ್ರಿಯನ್ನು ಮೀರುತ್ತದೆ. ತಂಪು ಗಾಳಿಯನ್ನು ಒಳಕ್ಕೆ ನೂಕದಿದ್ದರೆ ಮನುಷ್ಯ ನಿಲ್ಲಲಾರ. ಮೇಲಿನ ಭಾರಕ್ಕೆ ಬಂಡೆಯು ಒಮ್ಮೆಲೆ ಸಿಡಿಯುತ್ತಿತ್ತು. ಇಡೀ ಊರು ನಡುಗುತ್ತಿತ್ತು. ಲೈನಿನ ಹೆಣ್ಣುಮಕ್ಕಳು ಗಣಿಯ ಬಾಯಿಗೆ ಓಡುತ್ತಿದ್ದರು, ಮೇಲೆ ಬರುವವರಲ್ಲಿ ತಮ್ಮವರಿದ್ದಾರೆಯೇ ಎಂದು ನೋಡಲು.

ಸಿಡಿದ ಬಂಡೆಯಿಂದ ಪಾರಾದವನು ಧೂಳಿನಿಂದ ಪಾರಾಗುತ್ತಿರಲಿಲ್ಲ. ಬಿಳಿಗಲ್ಲನ್ನು ಕೊರೆದಾಗ ಏಳುವ ನುಣ್ಣನೆಯ ಪುಡಿಯು ಉಸಿರಿನೊಡನೆ ಒಳಗೆ ಹೋಗಿ ಶ್ವಾಸಕೋಶವನ್ನು ಗಾಯಗೊಳಿಸುತ್ತದೆ. ಗಾಯ ಗಟ್ಟಿಯಾಗುತ್ತದೆ. ವರ್ಷ ಕಳೆದಂತೆ ಉಸಿರಿಗೆ ಜಾಗವೇ ಇರುವುದಿಲ್ಲ. ಸಿಲಿಕೋಸಿಸ್ ಎನ್ನುತ್ತಾರೆ. ಒಮ್ಮೆ ಬಂದರೆ ಹೋಗುವ ರೋಗವಲ್ಲ. 1940ರ ದಶಕದಲ್ಲಿ ಈ ಗಣಿಯ ಏಳು ಸಾವಿರಕ್ಕೂ ಹೆಚ್ಚು ಕಾಮಗಾರರನ್ನು ವೈದ್ಯರು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಜನರಲ್ಲಿ ಈ ರೋಗ ಕಂಡಿತು. ನೂರಕ್ಕೆ ನಲವತ್ತು! ಹಳ್ಳಿಯ ಜಾತ್ರೆಯಲ್ಲಿ ನೂರು ಕುರಿಗೆ ಇಷ್ಟು ರೋಗ ಬಂದರೆ ಸರಕಾರ ಜಾತ್ರೆಯನ್ನೇ ನಿಲ್ಲಿಸುತ್ತದೆ. ಗಣಿ ನಿಲ್ಲಲಿಲ್ಲ.

ಸಿನಿಮಾದಲ್ಲಿ ನೀವು ಏನು ನೋಡಿದಿರಿ? ಗಣಿಯ ಜನ ತಲೆ ತಗ್ಗಿಸಿದ ಗುಲಾಮರು. ಎಲ್ಲಿಂದಲೋ ಒಬ್ಬ ವೀರ ಬರುತ್ತಾನೆ, ಅವರನ್ನು ಬಿಡಿಸುತ್ತಾನೆ. ಕಟ್ಟುಕಥೆ ಕಟ್ಟುಕಥೆಯೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಿಜವಾದ ಗಣಿಯ ಜನ ಯಾವ ವೀರನಿಗೂ ಕಾಯಲಿಲ್ಲ. 1930ರ ಏಪ್ರಿಲಿನಲ್ಲಿ ಕಳ್ಳರಂತೆ ತಮ್ಮ ಬೆರಳೊತ್ತು ತೆಗೆಯುವುದನ್ನು ಧಿಕ್ಕರಿಸಿ ಸಾವಿರ ಸಾವಿರ ಜನ ಕೆಲಸ ಬಿಟ್ಟು ಹೊರಗೆ ನಿಂತರು. 1946ರ ಮುಷ್ಕರದ ಕಾಲದಲ್ಲಿ, ನವೆಂಬರ್ ತಿಂಗಳಿನಲ್ಲಿ, ಪೊಲೀಸರ ಗೋಲಿಬಾರಿಗೆ ಆರು ಜನ ಕಾಮಗಾರರು ಬಲಿಯಾದರು. ಕಡೆಗೆ 1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ಆ ದಾರಿಯನ್ನು ತೆರೆದವರು ಸಂಘ ಕಟ್ಟಿ ನಿಂತ ಕೂಲಿಕಾರರು.

ಅದೇ 1930ರ ಏಪ್ರಿಲಿನಲ್ಲಿ ನಮ್ಮ ಕಡೆಯವರು ಅಂಕೋಲೆಯ ಕಡಲದಂಡೆಯಲ್ಲಿ ಉಪ್ಪು ಮಾಡಿ ಸರಕಾರದ ಕಾನೂನನ್ನು ಮುರಿದರು. ಹುಬ್ಬಳ್ಳಿಯ ಹರ್ಡೀಕರರು, ದಿವಾಕರರು ಆ ಚಳುವಳಿಯನ್ನು ಕಟ್ಟಿದವರು. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವರು ಗಾಂಧಿಯವರ ಜೊತೆ ದಂಡಿಗೆ ನಡೆದವರು. ಇದು ನಮ್ಮ ಹೆಮ್ಮೆ, ಪಾಠಪುಸ್ತಕದಲ್ಲಿದೆ, ಇರಲೇಬೇಕು. ಆದರೆ ಉಪ್ಪಿನ ಸತ್ಯಾಗ್ರಹ ನಡೆದ ತಿಂಗಳಿನಲ್ಲಿಯೇ ನಡೆದ ಬಂಗಾರದ ಗಣಿಯ ಮುಷ್ಕರ ಯಾವ ಪಾಠದಲ್ಲಿದೆ?

ನಾನು ಶಾಲೆಯಲ್ಲಿ ಕಲಿಸುತ್ತಿದ್ದಾಗಿನ ಒಂದು ಮಾತು ಹೇಳುತ್ತೇನೆ. ‘ಬಿಟ್ಟ ಸ್ಥಳ ತುಂಬಿರಿ: ಬಂಗಾರದ ಗಣಿ ಇರುವ ಊರು ______’ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಮಕ್ಕಳು ‘ಕೋಲಾರ’ ಎಂದು ಬರೆಯುತ್ತಿದ್ದವು. ನಾನು ಸರಿ ಗುರುತು ಹಾಕುತ್ತಿದ್ದೆ. ಗಣಿ ಮುಚ್ಚಿ ಹತ್ತು ವರ್ಷ ದಾಟಿತ್ತು. ಸುಮಾರು ಮೂರೂವರೆ ಸಾವಿರ ಜನ ಬೀದಿಗೆ ಬಿದ್ದು ಹತ್ತು ವರ್ಷ ದಾಟಿತ್ತು. ನಾನು ಮಾತ್ರ ಇನ್ನೂ ಬಂಗಾರ ತೆಗೆಯುತ್ತಿದ್ದಾರೆ ಎಂಬಂತೆ ಕಲಿಸುತ್ತಿದ್ದೆ. ಬಿಟ್ಟ ಸ್ಥಳದಲ್ಲಿ ತುಂಬಬೇಕಾದುದು ಊರಿನ ಹೆಸರಲ್ಲ, ಮನುಷ್ಯನ ಹೆಸರು ಎಂದು ತಿಳಿಯಲು ನಾನು ಶಾಲೆ ಬಿಟ್ಟು ಬೀದಿಗೆ ಬರಬೇಕಾಯಿತು.

ಗಣಿ ಮುಚ್ಚಿದ್ದೇ ತಪ್ಪೆಂದು ವಾದಿಸುವ ಗೆಳೆಯರಿದ್ದಾರೆ. ಆರಂಭದಲ್ಲಿ ಒಂದು ಟನ್ನು ಕಲ್ಲಿಗೆ ನಲವತ್ತು ಗ್ರಾಂಗೂ ಹೆಚ್ಚು ಸಿಗುತ್ತಿದ್ದ ಬಂಗಾರ ಕೊನೆಗೆ ಮೂರು ನಾಲ್ಕು ಗ್ರಾಂಗೆ ಇಳಿಯಿತು, ಆಳ ಹೆಚ್ಚಿತು, ಖರ್ಚು ಹೆಚ್ಚಿತು. ನೆಲದೊಳಗಿನ ಯಾವ ಗಣಿಯೂ ಶಾಶ್ವತವಲ್ಲ, ಒಪ್ಪೋಣ. ನಾನು ಕೇಳುವುದು ಬೇರೆ. ಗಣಿ ಒಂದು ದಿನ ಬರಿದಾಗುತ್ತದೆಂದು ಲೆಕ್ಕ ಹಾಕಲು ಎಂಜಿನಿಯರರಿಗೆ ನೂರಿಪ್ಪತ್ತು ವರ್ಷ ಸಮಯವಿತ್ತು. ಬರಿದಾದ ಮೇಲೆ ಜನ ಏನು ತಿನ್ನಬೇಕು ಎಂಬ ಲೆಕ್ಕವನ್ನು ಒಬ್ಬರೂ ಏಕೆ ಹಾಕಲಿಲ್ಲ?

ಈಗ ಆ ದಿಬ್ಬಗಳ ಸರದಿ. ಅವುಗಳಲ್ಲಿಯೂ ಅಷ್ಟಿಷ್ಟು ಬಂಗಾರ ಉಳಿದಿದೆ. ಹದಿಮೂರು ದಿಬ್ಬಗಳನ್ನು, ಸಾವಿರ ಎಕರೆಗೂ ಹೆಚ್ಚಿನ ನೆಲವನ್ನು, ಮತ್ತೆ ಅಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಮೊದಲನೆಯ ಅಗೆತದಲ್ಲಿ ಬಂಗಾರ ಹೋಯಿತು. ಎರಡನೆಯ ಅಗೆತದಲ್ಲಿ ಗಸಿಯೂ ಹೋಗಲಿದೆ. ಲೈಟು ಹಚ್ಚಿ ಟಿಕೀಟು ಮಾರುವುದು ಮೂರನೆಯ ಅಗೆತ. ಅದರಲ್ಲಿ ಅಗೆಯುವುದು ಆ ಜನರ ನೆನಪನ್ನು. ಮೊದಲೆರಡು ಅಗೆತಗಳಂತೆ ಇದರ ಲಾಭವೂ ಹೊರಗಿನವನಿಗೇ ಹೋಗಬೇಕೇ?

ಇಲ್ಲಿ ನಮ್ಮವರೇ ಕೆಲವರು ಒಂದು ಮಾತು ಹೇಳುತ್ತಾರೆ. ಪ್ರವಾಸ ಎಂಬುದು ಉಳ್ಳವರ ಚಟ, ಅದರ ಗೊಡವೆ ನಮಗೇಕೆ, ಎಂದು. ಇದು ಸರಿಯಲ್ಲ. ಲೋಕವನ್ನು ನೋಡುವ ಹಕ್ಕು ಉಳ್ಳವನಿಗೆ ಮಾತ್ರ ಬರೆದುಕೊಟ್ಟದ್ದಲ್ಲ. ಗಿರಣಿಚಾಳದ ಹುಡುಗಿಯೂ ಗಣಿಯನ್ನು ನೋಡಬೇಕು, ನೋಡಿ ತಿಳಿಯಬೇಕು. 1965ರಲ್ಲಿ ಇದೇ ಚಾಂಪಿಯನ್ ರೀಫಿನಲ್ಲಿ ಸುಮಾರು ಏಳೂವರೆ ಸಾವಿರ ಅಡಿ ಆಳದಲ್ಲಿ ವಿಜ್ಞಾನಿಗಳು ಯಂತ್ರಗಳನ್ನಿಟ್ಟು, ಆಕಾಶದಿಂದ ಬಂದು ನೆಲವನ್ನೇ ತೂರಿಹೋಗುವ ನ್ಯೂಟ್ರಿನೋ ಎಂಬ ಕಣದ ಗುರುತನ್ನು ಹಿಡಿದರು. ಜಗತ್ತಿನಲ್ಲಿ ಮೊದಲು ಕಂಡವರಲ್ಲಿ ಅವರೂ ಸೇರಿದ್ದಾರೆ. ಆ ಜಾಗವನ್ನು ಕೊರೆದು ಕೊಟ್ಟವರು ಗಣಿಯ ಕಾಮಗಾರರು. ಇಂಥದನ್ನು ನಮ್ಮ ಮಕ್ಕಳು ಏಕೆ ನೋಡಬಾರದು? ತೆರೆಯುವುದು ಬೇಡ ಎಂಬುದು ನಮ್ಮ ವಾದವಲ್ಲ. ಯಾರು ತೆರೆಯಬೇಕು, ಏನನ್ನು ತೋರಿಸಬೇಕು, ಹಣ ಯಾರ ಕೈಗೆ ಹೋಗಬೇಕು ಎಂಬುದು ನಮ್ಮ ವಾದ.

ಇನ್ನು ಸಾವಕಾರರ ಮಾತು: ಹತ್ತು ಅಂಗಡಿ ನಡೆಯುತ್ತವೆ ಎಂದು. ಸಣ್ಣ ವ್ಯಾಪಾರಸ್ಥರ ಹೊಟ್ಟೆಯ ಪ್ರಶ್ನೆಯನ್ನು ಈ ಪತ್ರಿಕೆ ಎಂದೂ ಹಗುರಾಗಿ ಕಂಡಿಲ್ಲ. ಆದರೆ ಸಾವಕಾರರೇ, ತುಸು ಯೋಚಿಸಿರಿ. ಇಂಥ ಸ್ಥಳವನ್ನು ದೊಡ್ಡ ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ ಏನಾಗುತ್ತದೆ? ಸುತ್ತ ಗೋಡೆ ಏಳುತ್ತದೆ. ಗೋಡೆಯ ಒಳಗೆ ಕಂಪನಿಯದೇ ಹೋಟೆಲು, ಕಂಪನಿಯದೇ ಅಂಗಡಿ, ಹತ್ತು ರೂಪಾಯಿಯ ನೀರಿಗೆ ಐವತ್ತು. ಗೋಡೆಯ ಹೊರಗೆ ಚಹಾ ಮಾರುವವನ ಗಾಡಿಯನ್ನು ‘ನೋಟ ಕೆಡುತ್ತದೆ’ ಎಂದು ಎತ್ತಿಸುತ್ತಾರೆ. ಬೀದಿ ವ್ಯಾಪಾರಸ್ಥರ ರಕ್ಷಣೆಗೆಂದು 2014ರಲ್ಲಿ ಕಾನೂನು ಆಗಿದೆ. ಆ ಕಾನೂನು ನಮ್ಮ ಮಾರುಕಟ್ಟೆಯಲ್ಲಿ ಎಷ್ಟು ಜನರ ಬುಟ್ಟಿಯನ್ನು ಉಳಿಸಿದೆ ಎಂದು ನೀವೇ ಬಲ್ಲಿರಿ. ಕಾಮಗಾರನ ಕೈಯಲ್ಲಿ ಪಗಾರವಿದ್ದಾಗ ನಿಮ್ಮ ಅಂಗಡಿ ನಡೆಯಿತು. ಗಿರಣಿಯ ಭೋಂಗಾ ನಿಂತ ವರ್ಷ ನಿಮ್ಮ ಉದ್ರಿ ಖಾತೆ ಎಷ್ಟು ಬೆಳೆಯಿತು, ಎಷ್ಟು ಮುಳುಗಿತು, ತೆಗೆದು ನೋಡಿರಿ. ಕೆಲಸಗಾರನ ಹಿತವೂ ಸಣ್ಣ ಅಂಗಡಿಕಾರನ ಹಿತವೂ ಒಂದೇ ತಕ್ಕಡಿಯ ಎರಡು ಪರಡಿಗಳಲ್ಲ, ಒಂದೇ ಪರಡಿಯಲ್ಲಿ ಇರುವಂಥವು.

‘ಸತ್ತವರ ಮಾತು, ರೋಗದ ಮಾತು ತೆಗೆದರೆ ಪ್ರವಾಸಿಗಳು ಬರುವುದಿಲ್ಲ, ಅವರಿಗೆ ಸಂತೋಷ ಬೇಕು’ ಎನ್ನುವ ಜಾಣರೂ ಇದ್ದಾರೆ. ಇದು ಜನರನ್ನು ಕೀಳಾಗಿ ಕಾಣುವ ಮಾತು. ತೆವಳುತ್ತ ಹೋಗಿ ಗಾಳಿ ಸುಟ್ಟವರ ಬೊಂಬೆ ನೋಡಿ ಪೋಲೆಂಡಿನಲ್ಲಿ ಯಾರೂ ಟಿಕೀಟಿನ ಹಣ ವಾಪಸು ಕೇಳುತ್ತಿಲ್ಲ. ಮನುಷ್ಯನಿಗೆ ಮನುಷ್ಯನ ಕಥೆಯೇ ರುಚಿ.

ಇದು ಕೋಲಾರದವರ ಗೋಳು, ಹುಬ್ಬಳ್ಳಿ-ಧಾರವಾಡಕ್ಕೆ ಇದರಿಂದೇನು ಎಂದು ಕೇಳಬೇಡಿರಿ. ಗೋಕಾಕ ಫಾಲ್ಸಿಗೆ ಹೋದವರು ನೀರು ನೋಡುತ್ತಾರೆ, ತೂಗುಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ದಂಡೆಯ ಮೇಲೆಯೇ ನಿಂತ ಗಿರಣಿಯಲ್ಲಿ ತಲೆಮಾರುಗಟ್ಟಲೆ ಪಾಳಿ ದುಡಿದವರ ವಿಷಯ ಯಾರಿಗೆ ಗೊತ್ತು? ನಮ್ಮ ಗದಗ ರಸ್ತೆಯಲ್ಲಿ 2020ರಲ್ಲಿ ರೈಲ್ವೆ ಮ್ಯೂಸಿಯಂ ಆಯಿತು. ಒಳ್ಳೆಯದೇ, ಮಕ್ಕಳನ್ನು ಕರೆದುಕೊಂಡು ಹೋಗಿರಿ. ಆದರೆ ಎಂಜಿನ್ನಿನ ಮುಂದೆ ನಿಂತಾಗ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿರಿ: ಇದರ ಬಾಯಿಗೆ ಇದ್ದಲು ಎಸೆದವನು ಯಾರು, ಅವನ ಮನೆ ಯಾವ ಓಣಿಯಲ್ಲಿತ್ತು? ಉತ್ತರ ನಿಮ್ಮ ಓಣಿಯಲ್ಲಿಯೇ ಸಿಕ್ಕೀತು. ನಾಳೆ ಹಟ್ಟಿಯ ಬಂಗಾರದ ಗಣಿಯೂ ಒಂದು ದಿನ ಬರಿದಾಗುತ್ತದೆ. ಇಂದು ಅದರೊಳಗೆ ಇಳಿಯುತ್ತಿರುವ ರಾಯಚೂರಿನ ಹುಡುಗರಿಗೆ ನಾವು ಇಂದೇ ಏನು ಉತ್ತರ ಇಟ್ಟುಕೊಂಡಿದ್ದೇವೆ?

ಆದುದರಿಂದ ನಮ್ಮ ಬೇಡಿಕೆಗಳನ್ನು ನೇರವಾಗಿ ಹೇಳುತ್ತೇನೆ.

ಒಂದು: ಕೋಲಾರದ ಗಣಿಯನ್ನು ಪ್ರವಾಸಿ ಸ್ಥಳವಾಗಿ ಮಾಡುವ ಯಾವ ಯೋಜನೆಗಾಗಲಿ ಒಂದು ರೂಪಾಯಿ ತೆಗೆಯುವ ಮೊದಲು, ಲೈನುಗಳಲ್ಲಿ ತಲೆಮಾರುಗಳಿಂದ ಇರುವವರಿಗೆ ಮನೆಯ ಹಕ್ಕುಪತ್ರ ಕೊಡಬೇಕು, ಹಳೆಯ ಕಾಮಗಾರರ ಬಾಕಿ ಏನಿದ್ದರೂ ಚುಕ್ತಾ ಮಾಡಬೇಕು.

ಎರಡು: ಗಣಿಯಲ್ಲಿ ದುಡಿದು ಬದುಕಿರುವ ಪ್ರತಿಯೊಬ್ಬರ ಎದೆಯ ಪರೀಕ್ಷೆ ಸರಕಾರಿ ಖರ್ಚಿನಲ್ಲಿ ಆಗಬೇಕು. ಧೂಳಿನ ರೋಗವಿದ್ದವರಿಗೆ ಜೀವಮಾನದ ಪಿಂಚಣಿ ಬೇಕು. ಇದೇ ಪರೀಕ್ಷೆ ನಮ್ಮ ಗಿರಣಿಗಳ ಹತ್ತಿಯ ಧೂಳು ಕುಡಿದವರಿಗೂ ಆಗಬೇಕು. ರಜೆ ಕಳೆದು ಸೋಮವಾರ ಪಾಳಿಗೆ ಹೋದೊಡನೆ ಎದೆ ಬಿಗಿಯುತ್ತದೆಂದು ಹೇಳಿದವನಿಗೆ ‘ನೆಪ ಹೇಳುತ್ತಾನೆ’ ಎಂದವರು ಬಹಳ. ಅದು ನೆಪವಲ್ಲ, ಹತ್ತಿಯ ಧೂಳಿನ ರೋಗದ ಗುರುತು ಎಂದು ವೈದ್ಯಶಾಸ್ತ್ರವೇ ಹೇಳುತ್ತದೆ.

ಮೂರು: ದಿಬ್ಬಗಳನ್ನು ಅಗೆಯುವ ಮೊದಲು ಧೂಳು ಊರಿಗೆ ಹಾರದಂತೆ ಕಟ್ಟುನಿಟ್ಟು ಮಾಡಬೇಕು. ಅಲ್ಲಿ ಹುಟ್ಟುವ ಕೆಲಸದಲ್ಲಿ ಗಣಿಯ ಮನೆತನಗಳ ಮಕ್ಕಳಿಗೆ ಮೊದಲ ಹಕ್ಕು ಇರಬೇಕು.

ನಾಲ್ಕು: ಗಣಿಯನ್ನು ತೋರಿಸುವ ಕೆಲಸವನ್ನು ಗುತ್ತಿಗೆದಾರನಿಗೆ ಕೊಡಕೂಡದು. ಗಣಿಯ ಕಾಮಗಾರರೂ ಅವರ ಮಕ್ಕಳೂ ಸೇರಿದ ಸಹಕಾರಿ ಸಂಘಕ್ಕೆ ಕೊಡಬೇಕು. ರಾಟೆಗೋಪುರದ ಕೆಳಗೆ ನಿಂತು ಕಥೆ ಹೇಳುವವನು ಬಾಯಿಪಾಠ ಮಾಡಿದ ಗೈಡ್ ಆಗಿರಬಾರದು, ಆ ತೊಟ್ಟಿಲಲ್ಲಿ ಇಳಿದವನೋ ಅವನ ಮಗಳೋ ಆಗಿರಬೇಕು. ಬಾಗಿಲ ಹೊರಗಿನ ಅಂಗಡಿಗಳು ಆ ಊರಿನ ಸಣ್ಣ ವ್ಯಾಪಾರಸ್ಥರಿಗೇ ಸಿಗಬೇಕು.

ಐದು: ಪ್ರವೇಶದ್ವಾರದಲ್ಲಿ ಗಣಿಯಲ್ಲಿ ಸತ್ತವರ ಹೆಸರು ಕೆತ್ತಬೇಕು, 1946ರ ಗೋಲಿಬಾರಿನಲ್ಲಿ ಬಿದ್ದವರದನ್ನೂ ಸೇರಿಸಿ. ಅಪಘಾತದ ದಾಖಲೆಗಳು ಸರಕಾರದ ಕಪಾಟುಗಳಲ್ಲಿವೆ. ಹೊರಗೆ ತೆಗೆಯಲಿ.

ಇವಿಷ್ಟು 2001ರಿಂದ ಬಾಕಿ ಉಳಿದ ಲೆಕ್ಕ. ಇದರಲ್ಲಿ ದಾನ ಕೇಳುವ ಮಾತಿಲ್ಲ.

ಬರುವ ಭಾನುವಾರದ ಕಾಮಗಾರರ ಸಭೆಯಲ್ಲಿ ಈ ಐದು ಬೇಡಿಕೆಗಳನ್ನು ಠರಾವಾಗಿ ಮಂಡಿಸುತ್ತೇನೆ. ಗಿರಣಿಚಾಳದ ಹಿರಿಯರು ಅನುಮೋದಿಸಲು ಒಪ್ಪಿದ್ದಾರೆ. ದುರ್ಗದಬೈಲಿನ ಸಾವಕಾರರಿಗೂ ಹೇಳಿ ಬಂದಿದ್ದೇನೆ. ಅವರು ಎಲ್ಲ ಕೇಳಿ, ತಕ್ಕಡಿಯನ್ನು ಒರೆಸುತ್ತ, “ಮ್ಯಾನೇಜರ್ ಆಗೂದು ಬ್ಯಾಡ, ಹೆಸರು ಬರೀರಿ ಅಂತ ಕೇಳ್ತೀರಲ್ಲ ಮಾಸ್ತರ್ರ, ಇದು ಖರೇ ಮಾತು. ಠರಾವಿಗೆ ನಂದೂ ಒಂದು ಸಹಿ ಇರ್ಲಿ” ಎಂದರು. ನೀವೂ ಬನ್ನಿರಿ. ಸಹಿ ಬರದಿದ್ದವರು ಹೆಬ್ಬೆಟ್ಟು ಒತ್ತಿರಿ. 1930ರಲ್ಲಿ ಗಣಿಯವರು ಕಂಪನಿಗೆ ಕೊಡಲೊಲ್ಲದ ಬೆರಳೊತ್ತನ್ನು ನಾವು ಅವರ ಪರವಾಗಿ ಮನಸಾರೆ ಒತ್ತೋಣ.